ಮೇಷ್ಟ್ರ ಹೆಸರಿನಲ್ಲಿ ವಿಕಿಪೀಡಿಯ ಪುಟ: ಸಲ್ಲುತ್ತದೆಯೇ?

ಪ್ರಶ್ನೆ: ನಮ್ಮ ಮೇಷ್ಟ್ರು ಸಸ್ಯರೋಗ ವಿಜ್ಞಾನಿ. ಕಾಳುಮೆಣಸಿನ ಸೊರಗು ರೋಗದ ಮೇಲೆ ಮೂವತ್ತು ವರ್ಷ ಕೆಲಸ ಮಾಡಿ, ವಿಭಾಗದ ಮುಖ್ಯಸ್ಥರಾಗಿ ನಿವೃತ್ತರಾದರು. 72 ಸಂಶೋಧನಾ ಪ್ರಬಂಧಗಳಿವೆ. ಗೂಗಲ್ ಸ್ಕಾಲರ್‌ನಲ್ಲಿ ಒಟ್ಟು ಸೈಟೇಷನ್ (ಬೇರೆ ಪ್ರಬಂಧಗಳಲ್ಲಿ ಬಂದ ಉಲ್ಲೇಖ) 1,140, ಎಚ್-ಇಂಡೆಕ್ಸ್ 16. ಒಂದು ಸಂಘದ ಫೆಲೋ, ಎರಡು ‘ಅತ್ಯುತ್ತಮ ವಿಜ್ಞಾನಿ’ ಪ್ರಶಸ್ತಿ, ಪತ್ರಿಕೆಗಳಲ್ಲಿ ಹತ್ತಾರು ವರದಿ. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಇಂಗ್ಲಿಷ್ ವಿಕಿಪೀಡಿಯಕ್ಕೆ ಬರೆದ ಕರಡು ಎರಡು ಸಲ ವಾಪಸ್ ಬಂತು. ಇವರಿಗಿಂತ ಕಡಿಮೆ ಕೆಲಸ ಮಾಡಿದವರ ಪುಟಗಳು ಅಲ್ಲಿವೆ. ಇವರಿಗೆ ಯೋಗ್ಯತೆ ಇಲ್ಲವೇ?
– ಓದುಗರು, ಮೂಡಿಗೆರೆ

ಉತ್ತರ: ನೀವು ಬರೆದಿರುವ ಅಂಕಿಗಳನ್ನಷ್ಟೇ ಮುಂದಿಟ್ಟರೆ ಮೂರನೆಯ ಸಲವೂ ವಾಪಸ್ ಬರುತ್ತದೆ. ನೀವು ಬರೆಯದೆ ಬಿಟ್ಟ ಎರಡು ಮೂರು ಸಂಗತಿಗಳಿವೆ. ಪುಟ ನಿಲ್ಲುವುದಿದ್ದರೆ ಅವುಗಳ ಮೇಲೆ ನಿಲ್ಲಬೇಕು.

ಮೊದಲು ‘ಯೋಗ್ಯತೆ’ ಎಂಬ ಮಾತನ್ನು ಪಕ್ಕಕ್ಕಿಡೋಣ. ವಿಕಿಪೀಡಿಯದಲ್ಲಿ ಬಳಸುವ ಪದ ಗಮನಾರ್ಹತೆ. ಮೇಷ್ಟ್ರು ಒಳ್ಳೆಯ ವಿಜ್ಞಾನಿಯೇ, ಒಳ್ಳೆಯ ಗುರುವೇ ಎಂದು ಅಲ್ಲಿ ಯಾರೂ ತೂಗುವುದಿಲ್ಲ. ಅವರ ಸಂಬಳ, ಸಂಸ್ಥೆ, ಶಿಷ್ಯವರ್ಗ ಯಾವುದಕ್ಕೂ ಸೇರದ ಜನ ಅವರ ಕೆಲಸವನ್ನು ಎತ್ತಿಕೊಂಡು ಬಳಸಿದ್ದಾರೆಯೇ, ಅದರ ಬಗ್ಗೆ ಬರೆದಿದ್ದಾರೆಯೇ, ಅದನ್ನು ಮೂರನೆಯವರು ತೆರೆದು ನೋಡಿ ಖಾತ್ರಿ ಮಾಡಿಕೊಳ್ಳಬಹುದೇ ಎಂಬುದಷ್ಟೇ ಪ್ರಶ್ನೆ. ಎಷ್ಟೋ ಘನ ವಿದ್ವಾಂಸರು ಈ ಜರಡಿಯಲ್ಲಿ ಕೆಳಗೆ ಬೀಳುತ್ತಾರೆ. ಅದರಿಂದ ಅವರ ವಿದ್ವತ್ತಿಗೆ ಕುಂದಿಲ್ಲ.

ಇಂಗ್ಲಿಷ್ ವಿಕಿಪೀಡಿಯದಲ್ಲಿ ವಿಜ್ಞಾನಿಗೆ ಎರಡು ಬಾಗಿಲು. ಒಂದು ಎಲ್ಲರಿಗೂ ಇರುವ ಸಾಮಾನ್ಯ ನಿಯಮ: ಸ್ವತಂತ್ರವಾದ, ನಂಬಲರ್ಹವಾದ ಒಂದಕ್ಕಿಂತ ಹೆಚ್ಚು ಕಡೆ ಆ ವ್ಯಕ್ತಿಯ ಬಗ್ಗೆ ವಿವರವಾಗಿ ಬರೆದಿರಬೇಕು. ಇನ್ನೊಂದು ಅಧ್ಯಾಪಕರಿಗೂ ಸಂಶೋಧಕರಿಗೂ ಪ್ರತ್ಯೇಕವಾಗಿ ಇರುವ ಎಂಟು ಮಾನದಂಡಗಳು. ಎಂಟರಲ್ಲಿ ಒಂದನ್ನು ಗಟ್ಟಿಯಾಗಿ ತೋರಿಸಿದರೆ ಸಾಕು. ಪ್ರಯೋಗಾಲಯದಲ್ಲಿ ಜೀವನ ಸವೆಸಿದವರ ಬಗ್ಗೆ ಪತ್ರಿಕೆಗಳು ಬರೆಯುವುದು ಅಪರೂಪ, ಆದ್ದರಿಂದಲೇ ಈ ಎರಡನೆಯ ಬಾಗಿಲು. ನಿಮ್ಮ ಕರಡು ಬಹುಶಃ ಎರಡು ಬಾಗಿಲನ್ನೂ ಒಟ್ಟಿಗೆ ತಟ್ಟಿದೆ. ಎಂಟರಲ್ಲಿ ಇಂಥದ್ದು ಎಂದು ಬೊಟ್ಟು ಮಾಡಿ ಹೇಳದಿದ್ದರೆ, ದಿನಕ್ಕೆ ಹತ್ತಾರು ಕರಡು ನೋಡುವ ಸ್ವಯಂಸೇವಕ ತಾನಾಗಿ ಹುಡುಕುವುದಿಲ್ಲ.

ಹುದ್ದೆಯ ವಿಚಾರ ಬೇಗ ಮುಗಿಯುತ್ತದೆ. ದೊಡ್ಡ ವಿಶ್ವವಿದ್ಯಾಲಯದ ಕುಲಪತಿ, ದೊಡ್ಡ ವಿದ್ವತ್ ಸಂಘದ ಅಧ್ಯಕ್ಷರಾಗಿದ್ದರೆ ಹುದ್ದೆಯೇ ಸಾಕು. ವಿಭಾಗ ಮುಖ್ಯಸ್ಥ, ಡೀನ್, ಕುಲಸಚಿವ, ಪ್ರಾಂಶುಪಾಲ ಹುದ್ದೆಗಳು ಸಾಲವು. ಹೆಸರಾದ ಜರ್ನಲ್‌ನ ಪ್ರಧಾನ ಸಂಪಾದಕರಾಗಿದ್ದರೆ ಆಗುತ್ತದೆ, ಸಂಪಾದಕ ಮಂಡಳಿಯ ಸದಸ್ಯರಾಗಿದ್ದರೆ ಆಗುವುದಿಲ್ಲ. ದುಡ್ಡು ಕೊಟ್ಟರೆ ಯಾವ ಪ್ರಬಂಧವನ್ನಾದರೂ ಅಚ್ಚು ಹಾಕುವ ಜರ್ನಲ್‌ಗೆ ಪ್ರಧಾನ ಸಂಪಾದಕರಾಗಿದ್ದರಂತೂ ಅದನ್ನು ಹೇಳದಿರುವುದೇ ಮೇಲು. ಪಠ್ಯಪುಸ್ತಕ ಬರೆದಿದ್ದರೆ ಅದು ಹಲವು ವಿಶ್ವವಿದ್ಯಾಲಯಗಳಲ್ಲಿ ಪಾಠಕ್ಕಿದೆ ಎಂದು ತೋರಿಸಬೇಕು. ಒಂದೇ ಕಾಲೇಜಿನ ಹುಡುಗರು ಜೆರಾಕ್ಸ್ ಮಾಡಿಸಿಕೊಳ್ಳುವ ನೋಟ್ಸ್ ಲೆಕ್ಕಕ್ಕಿಲ್ಲ. ಪೇಟೆಂಟ್ ಸಿಕ್ಕಿತು ಎಂಬುದೊಂದೇ ಏನನ್ನೂ ಸಾಧಿಸುವುದಿಲ್ಲ.

‘ಒಂದು ಸಂಘದ ಫೆಲೋ’ ಎಂದಿದ್ದೀರಿ, ಸಂಘದ ಹೆಸರು ಬರೆದಿಲ್ಲ. ನೀವು ಬಿಟ್ಟ ಮೊದಲ ಸಂಗತಿ ಇದು. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ, ದೆಹಲಿಯ ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಇವುಗಳ ಚುನಾಯಿತ ಫೆಲೋ ಎಂದಾದರೆ ಸಾಮಾನ್ಯವಾಗಿ ಚರ್ಚೆಯೇ ನಡೆಯುವುದಿಲ್ಲ, ಪುಟ ನಿಲ್ಲುತ್ತದೆ. ಕೃಷಿ ಕ್ಷೇತ್ರದವರಿಗೆ 1990ರಲ್ಲಿ ಶುರುವಾದ ರಾಷ್ಟ್ರೀಯ ಕೃಷಿ ವಿಜ್ಞಾನ ಅಕಾಡೆಮಿಯ ಫೆಲೋಶಿಪ್ ಕೂಡ ಗಟ್ಟಿ ವಾದ. ಹೆಸರಿನ ಮುಂದೆ ಈ ಅಕಾಡೆಮಿಗಳ ಗುರುತಾದ ಎಫ್‌ಎನ್‌ಎ, ಎಫ್‌ಎಎಸ್‌ಸಿ, ಎಫ್‌ಎನ್‌ಎಎಎಸ್ ಎಂದಿದೆಯೇ ನೋಡಿ. ಇನ್ನೊಂದು ಬಗೆಯ ಸಂಘಗಳಿವೆ: ಅರ್ಜಿ, ಇಷ್ಟು ಸಾವಿರ ಶುಲ್ಕ, ಹತ್ತು ವರ್ಷದ ಸದಸ್ಯತ್ವ ಇದ್ದರೆ ಫೆಲೋ. ಇದೂ ಫೆಲೋ, ಅದೂ ಫೆಲೋ. ಪದ ಒಂದೇ ಆದ್ದರಿಂದ ಮೂರು ಪ್ರಶ್ನೆ ಕೇಳಬೇಕು: ಅರ್ಜಿ ಯಾರು ಹಾಕಿದರು, ವರ್ಷಕ್ಕೆ ಎಷ್ಟು ಜನರಿಗೆ ಕೊಡುತ್ತಾರೆ, ದುಡ್ಡು ಕಟ್ಟಬೇಕೇ? ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ಸ್ ಎಂಜಿನಿಯರುಗಳ ಐಇಇಇ ಸಂಸ್ಥೆಯಲ್ಲಿ ವರ್ಷಕ್ಕೆ ಮತದಾನದ ಹಕ್ಕಿರುವ ಸದಸ್ಯರ ಶೇ. 0.1ಕ್ಕಿಂತ ಹೆಚ್ಚು ಜನರನ್ನು ಫೆಲೋ ಮಾಡುವಂತಿಲ್ಲ. ಹಾಗಾಗಿ ಐಇಇಇ ಫೆಲೋ ಒಪ್ಪಿತ, ಅದೇ ಸಂಸ್ಥೆಯ ‘ಸೀನಿಯರ್ ಮೆಂಬರ್’ ಒಪ್ಪಿತವಲ್ಲ.

ಪ್ರಶಸ್ತಿಗೂ ಇದೇ ಮೂರು ಪ್ರಶ್ನೆ. ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿ, ಇನ್ಫೋಸಿಸ್ ಪ್ರಶಸ್ತಿಯಂಥವು ಒಂದೇ ಸಾಕು. ‘ಅತ್ಯುತ್ತಮ ವಿಜ್ಞಾನಿ’ ಎಂಬ ಹೆಸರಿನದು ನೂರು ಕಡೆ ಸಿಗುತ್ತದೆ. ನೋಂದಣಿ ಶುಲ್ಕ ಕಟ್ಟಿಸಿಕೊಂಡು ಹೋಟೆಲ್ ಹಾಲ್‌ನಲ್ಲಿ ಒಂದೇ ಮಧ್ಯಾಹ್ನ ಅರವತ್ತು ಜನಕ್ಕೆ ಹಂಚುವುದೂ ಉಂಟು. ಕರಡಿನಲ್ಲಿ ಇಂಥ ಒಂದು ಸಾಲು ಇದ್ದರೆ ಓದುವವನಿಗೆ ಉಳಿದ ಸಾಲುಗಳ ಮೇಲೂ ಅನುಮಾನ ಹುಟ್ಟುತ್ತದೆ. ಜಗತ್ತಿನ ‘ಶೇ. 2 ಉನ್ನತ ವಿಜ್ಞಾನಿಗಳು’ ಪಟ್ಟಿಯಲ್ಲಿ ಹೆಸರಿದೆ ಎಂದು ಕಾಲೇಜುಗಳು ಫ್ಲೆಕ್ಸ್ ಕಟ್ಟಿಸುತ್ತವೆ. ಲಕ್ಷಕ್ಕೂ ಹೆಚ್ಚು ಹೆಸರಿರುವ, ಸೈಟೇಷನ್ ಸೂತ್ರದಿಂದ ಕಂಪ್ಯೂಟರ್ ತೆಗೆದ ಪಟ್ಟಿ ಅದು. ಗೌರವವೂ ಅಲ್ಲ, ಪ್ರಶಸ್ತಿಯೂ ಅಲ್ಲ. ಬರೆಯಬೇಡಿ.

ಇನ್ನು ಸೈಟೇಷನ್. ನಿಮ್ಮ ಮೇಷ್ಟ್ರ ಹಣೆಬರಹ ಹೆಚ್ಚಾಗಿ ಇಲ್ಲೇ ತೀರ್ಮಾನವಾಗುವುದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

72 ಪ್ರಬಂಧ ಎಂಬ ಅಂಕಿಗೆ ಬೆಲೆ ಇಲ್ಲ. ಕಾಫಿ ಕೊಳ್ಳುವವರು ಎಷ್ಟು ಚೀಲ ಚೆರ್ರಿ ಎಂದು ಕೇಳಿ ಸುಮ್ಮನಾಗುವುದಿಲ್ಲ. 50 ಕೆ.ಜಿ. ಚೀಲದಲ್ಲಿ ಬೀಜ ಎಷ್ಟು ಇಳಿಯುತ್ತದೆ, ಅಂದರೆ ಓ.ಟಿ. (ಔಟ್‌ಟರ್ನ್) ಎಷ್ಟು ಎಂದು ಕೇಳುತ್ತಾರೆ. ಇಲ್ಲಿ ಓ.ಟಿ. ಎಂದರೆ ಬೇರೆಯವರು ಆ ಪ್ರಬಂಧಗಳನ್ನು ಎಷ್ಟು ಬಳಸಿದರು ಎಂಬುದು. ಜಾರ್ಜ್ ಹರ್ಷ್ 2005ರಲ್ಲಿ ಮುಂದಿಟ್ಟ ಎಚ್-ಇಂಡೆಕ್ಸ್ ಅದನ್ನು ಒಂದೇ ಸಂಖ್ಯೆಯಲ್ಲಿ ಹಿಡಿಯುವ ಪ್ರಯತ್ನ. 16 ಎಂದರೆ ಕನಿಷ್ಠ 16 ಸಲ ಉಲ್ಲೇಖಗೊಂಡ ಪ್ರಬಂಧಗಳು 16 ಇವೆ ಎಂದರ್ಥ. ಅದು ಮರೆಮಾಚುವುದೂ ಬಹಳ. ಒಬ್ಬರಿಗೆ 600, 300, 90 ಸೈಟೇಷನ್ ಬಂದ ಮೂರು ಪ್ರಬಂಧ, ಮಿಕ್ಕವು ಸಣ್ಣಪುಟ್ಟ, ಎಚ್-ಇಂಡೆಕ್ಸ್ 11 ಎನ್ನಿ. ಇನ್ನೊಬ್ಬರಿಗೆ ತಲಾ 25ರ ಸುಮಾರಿನ ಮೂವತ್ತು ಪ್ರಬಂಧ, ಎಚ್-ಇಂಡೆಕ್ಸ್ 24. ವಿಕಿಪೀಡಿಯ ಚರ್ಚೆಯಲ್ಲಿ ಗೆಲ್ಲುವುದು ಮೊದಲನೆಯವರು. ಅವರ ಒಂದು ಕೆಲಸ ಇಡೀ ಕ್ಷೇತ್ರ ನಡೆಯುವ ದಾರಿಯನ್ನು ಬದಲಿಸಿದೆ ಎಂದು ಹೇಳಲು ಆಧಾರ ಸಿಗುತ್ತದೆ. ಎರಡನೆಯವರು ದುಡಿಮೆಗಾರ ಸಂಶೋಧಕರು. ಅಂಥವರು ಪ್ರತಿ ವಿಶ್ವವಿದ್ಯಾಲಯದಲ್ಲೂ ಇದ್ದಾರೆ. ಆದ್ದರಿಂದ ಒಟ್ಟು 1,140ನ್ನು ಬಿಟ್ಟು, ಮೇಷ್ಟ್ರ ಮೇಲಿನ ಐದು ಪ್ರಬಂಧಗಳಿಗೆ ಒಂದೊಂದಕ್ಕೂ ಎಷ್ಟು ಸೈಟೇಷನ್ ಎಂದು ಬರೆದಿಟ್ಟುಕೊಳ್ಳಿ. ನೀವು ಬಿಟ್ಟ ಎರಡನೆಯ ಸಂಗತಿ ಇದು.

ಆ ಐದರಲ್ಲಿ ಅವರ ಹೆಸರು ಎಲ್ಲಿದೆ ನೋಡಿ. ಜೀವವಿಜ್ಞಾನ, ಕೃಷಿ ವಿಜ್ಞಾನಗಳಲ್ಲಿ ಮೊದಲ ಹೆಸರು ಕೆಲಸ ಮಾಡಿದವರದು, ಕೊನೆಯದು ಅಥವಾ ಪತ್ರವ್ಯವಹಾರದ ಗುರುತಿರುವುದು ಮುನ್ನಡೆಸಿದವರದು. ಹದಿನಾಲ್ಕು ಜನರಲ್ಲಿ ಒಂಬತ್ತನೆಯವರಾಗಿದ್ದರೆ 400 ಸೈಟೇಷನ್ ಇದ್ದರೂ ಅವರ ಪಾಲು ಇಷ್ಟೇ ಎಂದು ಹೇಳಲಾಗದು. ಇದರ ತುತ್ತತುದಿ ಕಣಭೌತಶಾಸ್ತ್ರದಲ್ಲಿದೆ. ಹಿಗ್ಸ್ ಬೋಸಾನ್‌ನ ದ್ರವ್ಯರಾಶಿಯ ಬಗ್ಗೆ 2015ರಲ್ಲಿ ಬಂದ ಪ್ರಬಂಧಕ್ಕೆ 5,154 ಲೇಖಕರು. 33 ಪುಟಗಳಲ್ಲಿ 24 ಪುಟ ಹೆಸರುಗಳೂ ಅವರ ಸಂಸ್ಥೆಗಳೂ! ಅಂಥ ತಂಡದಲ್ಲಿದ್ದವರ ಎಚ್-ಇಂಡೆಕ್ಸ್ 100 ದಾಟಿದ್ದರೂ ಅದನ್ನು ನೋಡಿ ಯಾರೂ ಪುಟ ಕೊಡುವುದಿಲ್ಲ.

ಕ್ಷೇತ್ರಕ್ಕೆ ತಕ್ಕಂತೆ ಅಳತೆಗೋಲು ಬದಲಾಗುತ್ತದೆ. ಶುದ್ಧ ಗಣಿತದಲ್ಲಿ ದೊಡ್ಡದೆನಿಸುವ ಸಂಖ್ಯೆ ವೈದ್ಯಕೀಯದಲ್ಲಿ ಸಾಧಾರಣ. ಕಾಳುಮೆಣಸು, ಏಲಕ್ಕಿ, ಅಡಿಕೆಯ ಮೇಲೆ ಕೆಲಸ ಮಾಡುವವರ ಲೋಕ ಸಣ್ಣದು, ಹಾಗಾಗಿ ಸೈಟೇಷನ್ನೂ ಕಡಿಮೆ. ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಹೋಲಿಸಿ ತೋರಿಸಬೇಕು. ಕಾಳುಮೆಣಸಿನ ಫೈಟೋಫ್ತೊರ (ರೋಗಾಣುವಿನ ಹೆಸರು) ಸೊರಗು ರೋಗ ಎಂದು ಹುಡುಕಿ, ಅತಿ ಹೆಚ್ಚು ಸೈಟೇಷನ್ ಇರುವ ಇಪ್ಪತ್ತು ಪ್ರಬಂಧಗಳನ್ನು ತೆಗೆಯಿರಿ. ಅವುಗಳಲ್ಲಿ ಮೂರು ನಾಲ್ಕು ನಿಮ್ಮ ಮೇಷ್ಟ್ರವಾದರೆ, ಸಂಖ್ಯೆ 80 ಇರಲಿ 90 ಇರಲಿ, ವಾದಕ್ಕೆ ಕಾಲು ಬಂತು. ಒಂದೂ ಇಲ್ಲದಿದ್ದರೆ ‘ಸಣ್ಣ ಕ್ಷೇತ್ರ’ ಎಂಬ ಮಾತು ನೆಪವಾಗುತ್ತದೆ. ಕ್ಷೇತ್ರವನ್ನು ತೀರಾ ಕಿರಿದು ಮಾಡಿ ‘ಮಲೆನಾಡಿನ ಕಾಳುಮೆಣಸಿನ ಬೇರು ಕೊಳೆ’ ಎಂದು ಹಿಡಿದರೆ ಯಾರಾದರೂ ಮೊದಲಿಗರಾಗುತ್ತಾರೆ. ಆ ಜಾಣತನ ಪರಿಶೀಲಕರಿಗೂ ಗೊತ್ತು.

ಗೂಗಲ್ ಸ್ಕಾಲರ್ ಎಲ್ಲವನ್ನೂ ಬಾಚಿಕೊಳ್ಳುತ್ತದೆ: ಪಿಎಚ್‌ಡಿ ಪ್ರಬಂಧ, ವಿಚಾರಸಂಕಿರಣದ ಸಾರಾಂಶ, ಒಂದೇ ಪ್ರಬಂಧದ ಎರಡು ಪ್ರತಿ, ಕಳಪೆ ಜರ್ನಲ್‌ಗಳ ಉಲ್ಲೇಖ. ಅದೇ ವ್ಯಕ್ತಿಯನ್ನು ಆಯ್ದ ಜರ್ನಲ್‌ಗಳ ಸೂಚಿಯಾದ ಸ್ಕೋಪಸ್‌ನಲ್ಲಿ ನೋಡಿದರೆ ಸಂಖ್ಯೆ ಇಳಿಯುತ್ತದೆ. ಅಲ್ಲಿ ಲೇಖಕರೇ ತಮ್ಮ ಪ್ರಬಂಧವನ್ನು ಉಲ್ಲೇಖಿಸಿಕೊಂಡದ್ದನ್ನು ತೆಗೆದುಹಾಕುವ ಆಯ್ಕೆಯೂ ಇದೆ, ಅದನ್ನು ಒತ್ತಿ ನೋಡಿ. ಸ್ಕೋಪಸ್‌ಗೆ ಚಂದಾ ಬೇಕು. ನಿಮ್ಮ ಹತ್ತಿರದ ತೋಟಗಾರಿಕೆ ಅಥವಾ ಕೃಷಿ ಕಾಲೇಜಿನ ಗ್ರಂಥಾಲಯದಲ್ಲಿ ವಿಚಾರಿಸಿ. ಹಾಗೆಂದು ಗೂಗಲ್ ಸ್ಕಾಲರ್ ಕಡೆಗಣಿಸಬೇಕೆಂದಿಲ್ಲ. ನಮ್ಮ ದೇಶದ ಹಳೆಯ ಕೃಷಿ ಜರ್ನಲ್‌ಗಳು ಎಷ್ಟೋ ಸಲ ಅದರಲ್ಲಿ ಮಾತ್ರ ಕಾಣಿಸುತ್ತವೆ.

ನಮ್ಮ ಹೆಸರುಗಳು ಕೊಡುವ ಕಾಟ ಬೇರೆ. ಚಂದ್ರಶೇಖರ ಎಂಬುದನ್ನು ಇಂಗ್ಲಿಷಿನಲ್ಲಿ ಆರು ಬಗೆಯಲ್ಲಿ ಬರೆಯಬಹುದು. ಇನಿಶಿಯಲ್ ಒಂದು ಜರ್ನಲ್‌ನಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ಊರ ಹೆಸರು, ತಂದೆಯ ಹೆಸರು, ಗೌಡ, ಶೆಟ್ಟಿ ಕೆಲವೊಮ್ಮೆ ಇರುತ್ತದೆ, ಕೆಲವೊಮ್ಮೆ ಇಲ್ಲ. ಹೀಗಾಗಿ ಎರಡು ತಪ್ಪು ನಡೆಯುತ್ತದೆ: ಮೇಷ್ಟ್ರ ಅರ್ಧ ಪ್ರಬಂಧಗಳು ಲೆಕ್ಕಕ್ಕೆ ಬರುವುದಿಲ್ಲ, ಇಲ್ಲವೇ ಅದೇ ಹೆಸರಿನ ಇನ್ನೊಬ್ಬ ರಸಾಯನಶಾಸ್ತ್ರಜ್ಞರ ಪ್ರಬಂಧಗಳು ಇವರ ಖಾತೆಗೆ ಸೇರುತ್ತವೆ. ಎರಡನೆಯದು ಚರ್ಚೆಯಲ್ಲಿ ಸಿಕ್ಕಿಬಿದ್ದರೆ ಮಾನ ಹೋಗುತ್ತದೆ. ಸಂಶೋಧಕರನ್ನು ಗುರುತಿಸುವ 16 ಅಂಕಿಗಳ ಓರ್ಕಿಡ್ ಸಂಖ್ಯೆ ಇದ್ದರೆ ಅದರಿಂದ ಹುಡುಕಿ. ನಿವೃತ್ತರಿಗೆ ಅದು ಇಲ್ಲದಿದ್ದರೆ ಎಲ್ಲ ಕಾಗುಣಿತಗಳನ್ನೂ ಹಾಕಿ, ಸಂಸ್ಥೆಯ ವಿಳಾಸದೊಂದಿಗೆ ತಾಳೆ ನೋಡಿ, ಪಟ್ಟಿಯನ್ನು ಕೈಯಾರೆ ಮಾಡಿ.

ಮೂರನೆಯ ಸಂಗತಿ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಅವರ ಕೆಲಸ ತೋಟಕ್ಕೆ ಇಳಿಯಿತೇ? ಎಂಟು ಮಾನದಂಡಗಳಲ್ಲಿ ಏಳನೆಯದು ವಿದ್ವತ್ ಲೋಕದ ಹೊರಗೆ ಆದ ಪರಿಣಾಮವನ್ನು ಕೇಳುತ್ತದೆ. ಕೃಷಿ ವಿಜ್ಞಾನಿಗಳಿಗೆ ಇದೇ ಸಹಜವಾದ ದಾರಿ. ಮಂಡ್ಯದ ವಿ.ಸಿ. ಫಾರಂನಲ್ಲಿ ಭಾರತ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರನ್ನು ಎಚ್-ಇಂಡೆಕ್ಸ್‌ನಿಂದ ಅಳೆದರೆ ಏನೂ ಸಿಗದು. ಆದರೆ ‘ರಾಗಿ ಲಕ್ಷ್ಮಣಯ್ಯ’ ಎಂದರೆ ಗೊತ್ತು, ಅವರ ಬಗ್ಗೆ ಬೇರೆಯವರು ಬರೆದಿದ್ದಾರೆ. ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದಲ್ಲಿದ್ದಾಗ ಅಡಿಕೆಯ ಕೊಳೆರೋಗದ ರೋಗಾಣುವನ್ನು ಗುರುತಿಸಿ 1910ರಲ್ಲಿ ಪ್ರಕಟಿಸಿದರು. ಮಳೆಗೆ ಮುಂಚೆ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಮಿಶ್ರಣ) ಹೊಡೆಯುವ ಪದ್ಧತಿ ಆ ಕಾಲದಿಂದ ಬಂದು ಶೃಂಗೇರಿ, ಕೊಪ್ಪದ ತೋಟಗಳಲ್ಲಿ ಇವತ್ತಿಗೂ ನಡೆಯುತ್ತಿದೆ. ಇಂಥದ್ದನ್ನು ಪರಿಣಾಮ ಎನ್ನುತ್ತಾರೆ.

ಇಲ್ಲೊಂದು ತೊಡಕಿದೆ. ಎಸ್. 795 ಕಾಫಿ ತಳಿ ಗೊತ್ತಿಲ್ಲದ ಬೆಳೆಗಾರ ಚಿಕ್ಕಮಗಳೂರಿನಲ್ಲಿಲ್ಲ. ಅದನ್ನು ಕೊಟ್ಟವರು ಯಾರು ಎಂದರೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಎಂಬ ಉತ್ತರ ಬರುತ್ತದೆ, ವ್ಯಕ್ತಿಯ ಹೆಸರು ಬರುವುದಿಲ್ಲ. ಸಂಶೋಧನಾ ಕೇಂದ್ರಗಳಲ್ಲಿ ಶ್ರೇಯಸ್ಸು ಸಂಸ್ಥೆಗೆ ಹೋಗುತ್ತದೆ. ತಳಿಯ ಬಗ್ಗೆ ಪುಟ ಬರೆಯಬಹುದು, ವ್ಯಕ್ತಿಯ ಬಗ್ಗೆ ಬರೆಯಲು ಅವರ ಹೆಸರು ಹೇಳುವ ಮೂಲ ಬೇಕು. ನಿಮ್ಮ ಮೇಷ್ಟ್ರು ಸೊರಗು ರೋಗಕ್ಕೆ ಒಂದು ಉಪಚಾರ ರೂಪಿಸಿದ್ದರೆ, ಅದು ವಿಶ್ವವಿದ್ಯಾಲಯದ ಬೇಸಾಯ ಪದ್ಧತಿಗಳ ಕೈಪಿಡಿಗೆ ಸೇರಿದೆಯೇ ನೋಡಿ. ಕೇರಳದ, ತಮಿಳುನಾಡಿನ ಶಿಫಾರಸಿನಲ್ಲಿ ಬಂದಿದೆಯೇ? ಬೇರೆ ದೇಶದವರ ವಿಮರ್ಶಾ ಪ್ರಬಂಧ ಅವರ ಹೆಸರು ಹೇಳಿ ಒಂದು ಪ್ಯಾರಾ ಚರ್ಚಿಸಿದೆಯೇ? ಆವರಣದಲ್ಲಿ ಇನ್ನೂ ಏಳು ಹೆಸರುಗಳ ಜೊತೆ ಸುಮ್ಮನೆ ಬಂದಿದ್ದರೆ ಅದೊಂದು ಸೈಟೇಷನ್ ಅಷ್ಟೆ. ‘ಈ ವಿಧಾನವನ್ನು ಇಂಥವರು ಮೊದಲು ತೋರಿಸಿದರು’ ಎಂದು ಬರೆದಿದ್ದರೆ ಆ ಒಂದು ವಾಕ್ಯ ಹತ್ತು ಪ್ರಶಸ್ತಿಗೆ ಸಮ.

ಪತ್ರಿಕೆಯ ‘ಹತ್ತಾರು ವರದಿ’ಗಳನ್ನು ಹರಡಿಕೊಂಡು ವಿಂಗಡಿಸಿ. ಸನ್ಮಾನದ ಫೋಟೋ, ವಿಚಾರಸಂಕಿರಣ ಉದ್ಘಾಟನೆ, ಕಾಲೇಜೇ ಕಳಿಸಿದ ಪತ್ರಿಕಾ ಹೇಳಿಕೆ ತೆಗೆದಿಡಿ. ಸಂದರ್ಶನದಲ್ಲಿ ಅವರು ತಮ್ಮ ಬಗ್ಗೆ ತಾವೇ ಹೇಳಿಕೊಂಡದ್ದು ಸ್ವತಂತ್ರ ಮೂಲವಾಗುವುದಿಲ್ಲ. ಮಳೆ ಜಾಸ್ತಿಯಾದಾಗ ವರದಿಗಾರರು ಕೇಳಿದ್ದಕ್ಕೆ ಎರಡು ಸಾಲು ಅಭಿಪ್ರಾಯ ಹೇಳಿದ್ದರೆ ಅದೂ ಅಷ್ಟೇ. ಸ್ಥಳೀಯ ಪತ್ರಿಕೆಗಳಲ್ಲಿ ಆಗೀಗ ಹೇಳಿಕೆ ಬರುವುದು ಅಧ್ಯಾಪಕರಿಗೆ ಸಹಜ, ಅದು ಸಾಲದು ಎಂದು ಏಳನೆಯ ಮಾನದಂಡದ ವಿವರಣೆಯಲ್ಲೇ ಇದೆ. ಇಷ್ಟೆಲ್ಲ ತೆಗೆದ ಮೇಲೆ ಉಳಿಯುವುದು ಸಾಮಾನ್ಯವಾಗಿ ಒಂದೋ ಎರಡೋ. ಪತ್ರಕರ್ತರು ತೋಟಗಳಿಗೆ ಹೋಗಿ, ಬೆಳೆಗಾರರನ್ನು ಮಾತಾಡಿಸಿ, ಮೇಷ್ಟ್ರ ವಿಧಾನದಿಂದ ಏನಾಯಿತು ಎಂದು ಬರೆದ ಲೇಖನ ಆ ಒಂದೆರಡರಲ್ಲಿದ್ದರೆ ಅದನ್ನು ಜೋಪಾನ ಮಾಡಿ.

ಅಭಿನಂದನ ಗ್ರಂಥ ಇದ್ದರೆ? ನಮ್ಮಲ್ಲಿ ನಿವೃತ್ತರಾದವರಿಗೆಲ್ಲ ಒಂದು ಬರುತ್ತದೆ. ಶಿಷ್ಯರ, ಸಹೋದ್ಯೋಗಿಗಳ ನೆನಪುಗಳು, ಒಗಟಿನಂಥ ಕವನ, ಕುಟುಂಬದ ಫೋಟೋ ಇರುವಂಥದ್ದು ಪುರಾವೆಯಲ್ಲ. ಹೆಸರಾದ ವಿದ್ವತ್ ಪ್ರಕಾಶಕರು ತಂದ, ಹೊರಗಿನ ವಿದ್ವಾಂಸರು ಸಂಶೋಧನಾ ಲೇಖನ ಬರೆದಿರುವ ಗೌರವ ಸಂಪುಟವಾದರೆ ಪ್ರಭಾವಕ್ಕೆ ಸಾಕ್ಷಿಯಾಗಿ ಹಿಡಿಯುತ್ತಾರೆ.

ಈಗ ಕರಡು. ವಾಪಸಾದ ಪತ್ರದಲ್ಲಿ ಯಾವ ಪದವಿದೆ ಗಮನಿಸಿ. ‘ಡಿಕ್ಲೈನ್ಡ್’ ಎಂದಿದ್ದರೆ ತಿದ್ದಿ ಮತ್ತೆ ಕಳಿಸಬಹುದು. ‘ರಿಜೆಕ್ಟೆಡ್’ ಎಂದಿದ್ದರೆ ಸಾಮಾನ್ಯವಾಗಿ ಅಲ್ಲಿಗೆ ನಿಂತಿತು. ಆರು ತಿಂಗಳು ಮುಟ್ಟದೆ ಬಿಟ್ಟ ಕರಡನ್ನು ಅಳಿಸುತ್ತಾರೆ, ಆದ್ದರಿಂದ ಪ್ರತಿ ಇಟ್ಟುಕೊಳ್ಳಿ. ಕರಡಿನ ಹಾದಿ ತಪ್ಪಿಸಿ ನೇರವಾಗಿ ಪುಟ ಮಾಡಿದರೆ ಅಳಿಸುವ ಚರ್ಚೆಗೆ ಹೋಗಬಹುದು. ಅದು ಸಾಮಾನ್ಯವಾಗಿ ಏಳು ದಿನ ನಡೆಯುತ್ತದೆ. ಹತ್ತು ಜನ ಹಳೆಯ ವಿದ್ಯಾರ್ಥಿಗಳು ಹೊಸ ಖಾತೆ ತೆರೆದು ‘ಉಳಿಸಿ’ ಎಂದು ಬರೆಯುವುದು ಕೈಕೊಡುವ ಉಪಾಯ. ಅಲ್ಲಿ ಕೈ ಎತ್ತಿದವರನ್ನು ಎಣಿಸುವುದಿಲ್ಲ, ವಾದವನ್ನು ನೋಡುತ್ತಾರೆ, ಹೊಸ ಖಾತೆಗಳನ್ನು ಒಟ್ಟಿಗೇ ಗುರುತು ಹಾಕುತ್ತಾರೆ. ನೀವು ಅವರ ಶಿಷ್ಯರು ಎಂಬುದನ್ನು ಕರಡಿನ ಚರ್ಚೆ ಪುಟದಲ್ಲಿ ಮೊದಲೇ ಹೇಳಿ. ದುಡ್ಡು ಕೊಟ್ಟು ಬರೆಸುತ್ತಿದ್ದರೆ ಅದನ್ನು ಬಹಿರಂಗಪಡಿಸುವುದು ಕಡ್ಡಾಯ. ‘ಇಷ್ಟು ಸಾವಿರಕ್ಕೆ ಪುಟ ಖಾತ್ರಿ’ ಎನ್ನುವವರನ್ನು ದೂರ ಇಡಿ. ಖಾತ್ರಿ ಕೊಡುವ ಅಧಿಕಾರ ಯಾರಿಗೂ ಇಲ್ಲ.

ಬರವಣಿಗೆ 250 ಪದ ಸಾಕು. ಮೊದಲ ವಾಕ್ಯದಲ್ಲಿ ಅವರು ಯಾರು, ಯಾವುದಕ್ಕೆ ಗುರುತಾಗಿದ್ದಾರೆ. ಧೀಮಂತ, ಹೆಸರಾಂತ, ಅಪಾರ ಸೇವೆ ಎಂಬ ಸನ್ಮಾನಪತ್ರದ ಮಾತೆಲ್ಲ ಹೋಗಲಿ. 72 ಪ್ರಬಂಧಗಳ ಪಟ್ಟಿ ಹಾಕಬೇಡಿ, ಐದು ಸಾಕು. ಓದಿದ್ದು ಎಲ್ಲಿ, ಕೆಲಸ ಮಾಡಿದ್ದು ಎಲ್ಲಿ ಎಂಬುದಕ್ಕೆ ಸಂಸ್ಥೆಯ ಜಾಲತಾಣವನ್ನೇ ಉಲ್ಲೇಖಿಸಬಹುದು. ಹೊಗಳಿಕೆಗೆ, ಪ್ರಭಾವಕ್ಕೆ ಅದು ನಡೆಯದು. ನಲವತ್ತು ಉಲ್ಲೇಖ ಪೇರಿಸಿದರೆ ಗಟ್ಟಿಯಾದ ಮೂರು ಅದರೊಳಗೆ ಹೂತುಹೋಗುತ್ತವೆ. ಚರ್ಚೆ ಪುಟದಲ್ಲಿ ‘ಈ ಮಾನದಂಡ, ಈ ಮೂರು ಮೂಲ’ ಎಂದು ನಾಲ್ಕೇ ಸಾಲು ಬರೆಯಿರಿ. ಬದುಕಿರುವವರ ಪುಟವಾದ್ದರಿಂದ ಆಧಾರವಿಲ್ಲದ ಒಂದು ವಾಕ್ಯವೂ ಇರಬಾರದು. ಮನೆ ವಿಳಾಸ, ಮಕ್ಕಳ ಹೆಸರು ಬೇಡ.

‘ಕಡಿಮೆಯವರ ಪುಟ ಇದೆ’ ಎಂಬ ವಾದ ಅಲ್ಲಿ ಓಡುವುದಿಲ್ಲ. ಆ ಪುಟವನ್ನು ಇನ್ನೂ ಯಾರೂ ನೋಡಿಲ್ಲ ಎಂದಷ್ಟೇ ಅದರ ಅರ್ಥವಿರಬಹುದು. ಪರಿಶೀಲಕರು ತಪ್ಪುವುದೂ ಉಂಟು. ಕೆನಡಾದ ಭೌತವಿಜ್ಞಾನಿ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಅವರ ಕರಡನ್ನು 2018ರ ಮೇನಲ್ಲಿ ಉಲ್ಲೇಖ ಸಾಲದೆಂದು ತಿರುಗಿಸಿದ್ದರು. ಅದೇ ಅಕ್ಟೋಬರ್ 2ರಂದು ಅವರಿಗೆ ನೊಬೆಲ್ ಬಂತು. ಪುಟಕ್ಕೆ ನೊಬೆಲ್ ಬೇಕಿರಲಿಲ್ಲ. 2013ರಲ್ಲೇ ಅವರು ಅಮೆರಿಕದ ಆಪ್ಟಿಕಲ್ ಸೊಸೈಟಿಯ ಅಧ್ಯಕ್ಷರಾಗಿದ್ದವರು, ಆ ಒಂದು ಸಂಗತಿಯೇ ಸಾಕಿತ್ತು. ಅದು ಪರಿಶೀಲಕರ ಕಣ್ಣಿಗೆ ಬೀಳಲಿಲ್ಲ. ಗಟ್ಟಿಯಾದದ್ದನ್ನು ಮೊದಲ ಪ್ಯಾರಾದಲ್ಲೇ ಇಡಬೇಕು ಎನ್ನುವುದು ಇದಕ್ಕೇ.

ಕನ್ನಡ ವಿಕಿಪೀಡಿಯದ ಸಮುದಾಯ ಬೇರೆ, ನಿಯಮಗಳನ್ನು ಅದು ತಾನೇ ಮಾಡಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ನಿಲ್ಲದ್ದು ಇಲ್ಲಿ ನಿಲ್ಲಬಹುದು, ಅನುಮಾನವಿದ್ದರೆ ಅಲ್ಲಿನ ‘ಅರಳಿಕಟ್ಟೆ’ ಎಂಬ ಚರ್ಚಾ ಪುಟದಲ್ಲಿ ಕೇಳಿ. ಆಧಾರ ಮಾತ್ರ ಇಲ್ಲೂ ಬೇಕು. ನೀವು ಬಿಟ್ಟ ಆ ಮೂರು ಸಂಗತಿಗಳಲ್ಲಿ (ಫೆಲೋಶಿಪ್, ಮೇಲಿನ ಐದು ಪ್ರಬಂಧ, ತೋಟಕ್ಕಿಳಿದ ಕೆಲಸ) ಒಂದೂ ಗಟ್ಟಿಯಾಗಿ ಸಿಗದಿದ್ದರೆ ನನ್ನ ಸಲಹೆ: ಪುಟದ ಆಸೆ ಸದ್ಯಕ್ಕೆ ಬಿಟ್ಟು, ಕಾಳುಮೆಣಸಿನ ಸೊರಗು ರೋಗದ ಬಗ್ಗೆ ಕನ್ನಡದಲ್ಲಿ ಒಂದು ಒಳ್ಳೆಯ ಲೇಖನ ಬರೆಯಿರಿ. ಲಕ್ಷಣ, ಹರಡುವ ಬಗೆ, ಬಸಿಗಾಲುವೆ, ಬೋರ್ಡೋ, ಟ್ರೈಕೋಡರ್ಮ ಎಂಬ ಉಪಕಾರಿ ಶಿಲೀಂಧ್ರ ಎಲ್ಲ ಬರಲಿ. ಮೇಷ್ಟ್ರು ಕಂಡುಕೊಂಡದ್ದು ಎಲ್ಲಿ ಬರಬೇಕೋ ಅಲ್ಲಿ ಅವರ ಪ್ರಬಂಧದ ಉಲ್ಲೇಖದೊಂದಿಗೆ ಒಂದು ವಾಕ್ಯ. ವಿಕಿಪೀಡಿಯದ ಸೋದರ ದತ್ತಾಂಶ ತಾಣವಾದ ವಿಕಿಡೇಟಾದಲ್ಲಿ ಅವರ ಹೆಸರಿನ ದಾಖಲೆ ಸೃಷ್ಟಿಸಿ ಪ್ರಬಂಧಗಳನ್ನು ಜೋಡಿಸಲೂ ಬರುತ್ತದೆ. ಅಲ್ಲಿನ ಹೊಸ್ತಿಲು ತಗ್ಗು.

ಅಷ್ಟರಲ್ಲಿ ಪತ್ರಿಕೆಯ ತುಣುಕುಗಳನ್ನು ಸರಿಮಾಡಿಕೊಳ್ಳಿ. ಜಾಲದಲ್ಲಿ ಕೊಂಡಿ ಇಲ್ಲದಿದ್ದರೂ ಅಚ್ಚಿನ ಪತ್ರಿಕೆ ಮೂಲವಾಗಿ ನಡೆಯುತ್ತದೆ. ಆದರೆ ಪತ್ರಿಕೆಯ ಹೆಸರು, ಆವೃತ್ತಿ, ದಿನಾಂಕ, ಪುಟ ಸಂಖ್ಯೆ ಬೇಕು. ಆಲ್ಬಂನಲ್ಲಿ ಅಂಟಿಸುವಾಗ ಜನ ಮೊದಲು ಕತ್ತರಿಸಿ ಎಸೆಯುವುದು ದಿನಾಂಕವಿರುವ ಆ ಮೇಲಿನ ಪಟ್ಟಿಯನ್ನೇ. ಹಾಗಾಗಿದ್ದರೆ ತುಣುಕಿನ ಹಿಂಬದಿಯ ಸುದ್ದಿ ಓದಿ ಸುಮಾರು ಯಾವ ತಿಂಗಳೆಂದು ಅಂದಾಜು ಮಾಡಿ, ಜಿಲ್ಲಾ ಗ್ರಂಥಾಲಯದಲ್ಲಿ ಹಳೆಯ ಸಂಚಿಕೆಗಳಿದ್ದರೆ ಆ ತಿಂಗಳದ್ದನ್ನು ಬಿಡಿಸಿ ನೋಡಿ.